ಬೀಜ ಸಿಗದ ಬಳ್ಳಿ

ಆಗಸ್ಟ್ 18, ಸೋಮವಾರ

ಗಿಡ ಒತ್ತಿ ಒಣಗಿಸುವ ಪ್ರೆಸ್ಸಿನ ಬ್ಲಾಟರ್ ಕಾಗದ ಬದಲಾಯಿಸಿದ್ದು ಮೂರನೇ ಸಲ. ಈ ಪುಣೆಯ ಮಳೆಗೆ ಪ್ರೆಸ್ಸಿನೊಳಗಿನ ಕಾಗದಕ್ಕೂ ಬೂಷ್ಟು. ಕಾತ್ರಜದಿಂದ ತಂದ ಬಳ್ಳಿ ಇನ್ನೂ ಹಸಿ ಹಸಿ... ದರಿದ್ರದ್ದು.

ಬೆಳಗ್ಗೆ ಮೈಕ್ರೋಸ್ಕೋಪಿನಲ್ಲಿ ಪರಾಗ ನೋಡಿದೆ. ಮೈತುಂಬ ಮುಳ್ಳು. ಸೋ, ಐಪೋಮಿಯಾನೇ, ಸಿಹಿಗೆಣಸಿನ ಕುಲ. ಯಾವ ಐಪೋಮಿಯಾ? ಅದೇ ತಲೆನೋವು. ಜಾತಿ ಗುರುತಿಸುವ ಪುಸ್ತಕದ ಕೀ ಹಿಡಿದು ಒಂದೊಂದೇ ಪ್ರಶ್ನೆ ದಾಟಿ ಹೋದರೆ ಕೊನೆಯ ಕವಲಿನಲ್ಲಿ ಸಿಕ್ಕಿಬೀಳುತ್ತೇನೆ: ಬೀಜದ ಮೇಲೆ ಕೂದಲಿದೆಯೋ ಇಲ್ಲವೋ? ಬೀಜ ಎಲ್ಲಿದೆ ನನ್ನ ಹತ್ತಿರ! ಗಿಡದ ತುಂಬ ಹೂ. ಬಿಳಿ, ನಡುವೆ ನೇರಳೆ ಕಣ್ಣು. ಕಾಯಿ ಒಂದೂ ಇಲ್ಲ.

ವಸಂತಿ ಮೇಡಂ ಮರಾಠಿಯಲ್ಲೇ ಗದರಿದರು. ‘ಸಿಂಧು, ಮೊದಲು ಬೀಜ ತಾ. ಹೆಸರು ಆಮೇಲೆ.’ ಸಂಶೋಧನೆಯ ಗೈಡ್ ಅಂದಮೇಲೆ ಗದರಬೇಕಲ್ಲ. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು, ಇದು ಹೊಸ ಜಾತಿಯೂ ಆಗಬಹುದು ಅಂದರು. ಅದಕ್ಕೇ ಮಧ್ಯಾಹ್ನ ಊಟ ಸೇರಲಿಲ್ಲ.

ಸಂಜೆ ಯಮನವ್ವ ಬಂದಳು. ನಮ್ಮ ಕೋಥರೂಡದ ಬಿಲ್ಡಿಂಗ್ ಪಕ್ಕ ಎದ್ದೇಳುತ್ತಿರುವ ಟವರಿನಲ್ಲಿ ಇಟ್ಟಿಗೆ ಹೊರುತ್ತಾಳೆ, ಗಂಡ ಹಣಮಂತ್ರಾಯ ಗೋಡೆ ಕಟ್ಟುವ ಗೌಂಡಿ. ಸುರಪುರದ ಕಡೆಯವರು. ನಾನು ತಿಪಟೂರಿನವಳು. ಇಬ್ಬರ ಕನ್ನಡಕ್ಕೂ ನಡುವೆ ಒಂದು ಹೊಳೆ ಇದೆ. ಆದರೂ ಈ ಬೀದಿಯಲ್ಲಿ ಕನ್ನಡ ಅಂದರೆ ನಾವಿಬ್ಬರೇ.

‘ಹುಲ್ಲ ಒಣಗಸೋ ಅಕ್ಕಾರ, ಆ ನಂಬರಿಗಿ ಒಂದ್ಸಲ ಹಚ್ಚ್ರಿ.’

ದಿನಾ ಇದೇ. ಮಗಳು ದುರ್ಗಾಳ ನಂಬರು. ಹಚ್ಚಿದೆ. ಸ್ವಿಚ್ ಆಫ್. ಹುಡುಗಿ ಹೋದ ವರ್ಷ ಜುಲೈನಲ್ಲಿ ಸೆಂಟ್ರಿಂಗ್ ಕೆಲಸದ ಒಬ್ಬನ ಹಿಂದೆ ಹೋದಳು. ಹೋಗುವಾಗ ನಾಲ್ಕು ತಿಂಗಳ ಬಸುರಿ. ಹಣಮಂತ್ರಾಯ ಹೊಸ್ತಿಲು ತುಳಿಯಬೇಡ ಅಂದನಂತೆ. ಒಂದು ವಾರಕ್ಕೆ ಫೋನ್ ಸತ್ತಿತು. 

‘ಕೂಸು ಈಗ ಅಂಬಗಾಲ ಹಚ್ಚಿರಬೇಕ್ರಿ,’ ಅಂದಳು. ‘ಒಂದ ಸಲ ಮಾರಿ ತೋರಿಸಿ ಹೋಗಲಿ. ಮತ್ತೇನೂ ಬ್ಯಾಡ ನನಗ.’

ಟೀ ಮಾಡಿಕೊಟ್ಟೆ.

ಆಗಸ್ಟ್ 25, ಸೋಮವಾರ

ನಮ್ಮ ಗಿಡಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಕಾತ್ರಜದ ಫೋಟೋ ಹಾಕಿದ್ದೆ. ವಾರದಲ್ಲಿ ನಾಲ್ಕು ಜಾಗ ಸಿಕ್ಕವು. ಬಾಣೇರ, ಹಿಂಜವಡಿ, ವಾಘೋಲಿ, ಉಂಡ್ರಿ. ನಾಲ್ಕಕ್ಕೂ ಹೋಗಿ ಬಂದೆ. ಸೊಂಟ ಬಿದ್ದುಹೋಗಿದೆ.

ಎಲ್ಲ ಕಡೆ ಒಂದೇ ಬಳ್ಳಿ. ಒಂದೇ ಒಂದು! ಐಪೋಮಿಯಾ ಅಂದರೆ ಒಂದು ಬಿದ್ದರೆ ಮರುವರ್ಷ ಬೇಲಿ ಪೂರ್ತಿ ಹಬ್ಬುವ ಜಾತಿ. ಇದು ಹತ್ತು-ಇಪ್ಪತ್ತು ವರ್ಷದ ಗಿಡ, ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ. ಸುತ್ತ ಒಂದು ಸಸಿ ಇಲ್ಲ.

ಎಲ್ಲ ಕಡೆ ಅಪಾರ್ಟ್‌ಮೆಂಟಿನ ಹಿಂಗೋಡೆ. ಯಾರೂ ಹೋಗದ ಮೂಲೆ. ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಕಲ್ಲಿಗೆ ಅರಿಸಿನ, ಒಣಗಿದ್ದರೂ ಹೊಸದು.

ಇನ್ನೊಂದು. ಲೆನ್ಸ್ ಹಿಡಿದು ನೋಡಿದೆ. ಕಾಯಿ ಬಿಟ್ಟಿತ್ತು. ಎಲ್ಲ ತೊಟ್ಟುಗಳೂ ಉಗುರಿನಿಂದ ಚಿವುಟಿದ ಹಾಗೆ ತುಂಡು. ಉದುರಿದ್ದಲ್ಲ. ಹಕ್ಕಿ ಅಲ್ಲ, ಇಲಿ ಅಲ್ಲ. ಐದೂ ಕಡೆ ಯಾರೋ ನನಗಿಂತ ಮುಂಚೆ ಬಂದು ಒಂದು ಕಾಯಿ ಬಿಡದೆ ಕಿತ್ತುಕೊಂಡು ಹೋಗಿದ್ದಾರೆ.

ಉಂಡ್ರಿಯಲ್ಲಿ ಅದು ಹೊಳೆದ ಮೇಲೆ ಅಲ್ಲಿ ನಿಲ್ಲಲು ಆಗಲಿಲ್ಲ. ನಡುಹಗಲು, ಮೇಲೆ ಯಾರದೋ ಮಿಕ್ಸಿ ಸದ್ದು, ಒಗ್ಗರಣೆ ವಾಸನೆ... ಆದರೂ ಬೇಗ ಬೇಗ ನಡೆದು ಬಂದೆ. ಹೇಳಿದರೆ ನಗುತ್ತಾರೆ.

ಸೆಪ್ಟೆಂಬರ್ 3, ಬುಧವಾರ

ಒಣಗಿಡಗಳ ಶೀಟು ಇಡುವ ಹರ್ಬೇರಿಯಂನ ಹಳೆಯ ಕಪಾಟು ಪೂರಾ ಕೆದಕಿದೆ. ಸಿಕ್ಕಿತು! ಎಪ್ಪತ್ತು ವರ್ಷದ ಹಿಂದಿನ ಶೀಟು. ಅದೇ ಎಲೆ, ಅದೇ ಕಣ್ಣು. ಜಾತಿಯ ಹೆಸರಿನ ಜಾಗ ಖಾಲಿ. ಸ್ಥಳ: ಸುರಪುರದ ಹತ್ತಿರ, ಹಳ್ಳಿಯ ಹೊರಗೆ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಕಾಯಿ ಕಾಣಲಿಲ್ಲ, ಬೇರು ತೆಗೆಯಲು ಊರವರು ಬಿಡಲಿಲ್ಲ ಎಂದಿದೆ.

ಮ್ಯಾಪಿನಲ್ಲಿ ಗುರುತು ಹಾಕಿದೆ: ಸುರಪುರದಲ್ಲಿ ಒಂದು ಚುಕ್ಕೆ, ಆಮೇಲೆ ನಾನೂರು ಕಿಲೋಮೀಟರ್ ಏನೂ ಇಲ್ಲ, ಆಮೇಲೆ ಪುಣೆಯಲ್ಲಿ ಐದು ಚುಕ್ಕೆ. ಇಂಥ ಹರಡುವಿಕೆ ಗಾಳಿಯಿಂದ ಆಗದು, ನೀರಿನಿಂದ ಆಗದು. ಐದೂ ಬಿಲ್ಡಿಂಗ್ ಎದ್ದ ವರ್ಷ ವಿಚಾರಿಸಿದೆ. 2006ರಿಂದ 2016ರ ಒಳಗೆ. ಮರಳಿನ ಲಾರಿಯಲ್ಲಿ ಬೀಜ ಬಂದಿರಬೇಕು ಎಂದು ವಸಂತಿ ಮೇಡಂ ಮುಂದೆ ಹೇಳಿದೆ. ಅವರಿಗೆ ಭಾರಿ ಖುಷಿ. ‘ಬೇರು ಸಮೇತ ಒಂದು ಪೂರ್ತಿ ಗಿಡ ಬೇಕು. ಬೇರಿಲ್ಲದೆ ಹೊಸ ಜಾತಿ ಅಂತ ಬರೆದರೆ ಯಾರೂ ಒಪ್ಪಲ್ಲ,’ ಅಂದರು.

ಯಮನವ್ವ ಬಂದಳು. ಸ್ವಿಚ್ ಆಫ್.

ಸೆಪ್ಟೆಂಬರ್ 10, ಬುಧವಾರ

ವಾಘೋಲಿಯದನ್ನು ಅಗೆದೆ. ಎರಡು ಗಂಟೆ ಬೇಕಾಯಿತು. ಕೈ ತುಂಬ ಹಾಲು, ಅಂಟು. ಗೆಡ್ಡೆ ಸಿಹಿಗೆಣಸಿನ ಹಾಗೆ ಉದ್ದಕ್ಕಿಲ್ಲ, ಏನನ್ನೋ ತಬ್ಬಿಕೊಂಡ ಹಾಗೆ ಬಾಗಿದೆ. ಒಳಗೆ ಟೊಳ್ಳು. ಟೊಳ್ಳಿನಲ್ಲಿ ಮಣ್ಣು, ಕೊಳೆತ ಕೆಂಪು ದಾರ, ಮೂರು ಕರಿಮಣಿ. ಕಿರುಬೆರಳ ಉಗುರಿನಷ್ಟು ಒಂದು ಬಿಳಿ ಚೂರು. ಬಸವನಹುಳದ ಚಿಪ್ಪು ಇರಬೇಕು.

ನಮ್ಮ ಕೆಲಸದಲ್ಲಿ ಏನನ್ನೂ ಬಿಸಾಡುವ ಹಾಗಿಲ್ಲ. ಉದುರಿದ್ದೆಲ್ಲ ಕಾಗದದ ಪುಟ್ಟ ಪಾಕೀಟಿಗೆ, ಪಾಕೀಟು ಶೀಟಿನ ಮೂಲೆಗೆ. ಹಾಗೇ ಮಾಡಿದೆ. ಮೇಡಂ ಬೆನ್ನು ತಟ್ಟಿದರು. ಒಂದೂವರೆ ವರ್ಷದಲ್ಲಿ ಮೊದಲ ಸಲ! ಅಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ.

ಸೆಪ್ಟೆಂಬರ್ 12, ಶುಕ್ರವಾರ

ಪ್ರೆಸ್ ಬಿಚ್ಚಿದೆ. ಬುಧವಾರ ಮೊಗ್ಗಾಗಿ ಒತ್ತಿಟ್ಟ ಏಳೂ ಒಳಗೇ ಅರಳಿವೆ. ಹಲಗೆ, ಬೆಲ್ಟು, ಮೇಲೆ ಎರಡು ಕಲ್ಲು... ಅಷ್ಟರ ಕೆಳಗೆ, ಕತ್ತಲಲ್ಲಿ. ಹೀಗಾಗುವುದುಂಟು, ಮೊಗ್ಗಿನಲ್ಲಿ ನೀರಿದ್ದರೆ ಅರಳುತ್ತದೆ, ನನಗೆ ಗೊತ್ತು. ಗೊತ್ತಿದ್ದೂ ಕೈ ತೊಳೆದುಕೊಂಡು ಬಂದೆ. ಎರಡು ಸಲ.

ಅರಿಸಿನದ ಲೆಕ್ಕ ಹಾಕಿದೆ. ಆಗಸ್ಟ್ 23 ಅಮಾವಾಸ್ಯೆ. ನಾನು ನೋಡಿದ್ದು ಅದರ ಮರುದಿನ, ಮೂರನೇ ದಿನ. ಯಾರೋ ಅಮಾವಾಸ್ಯೆಗೆ ಬರುತ್ತಾರೆ. ಮುಂದಿನದು 21, ಮಹಾಲಯ. ಬೆಳಕು ಹರಿಯುವ ಮುಂಚೆ ಬಾಣೇರಕ್ಕೆ ಹೋಗಿ ಕೂರುತ್ತೇನೆ. ಯಾರೇ ಬರಲಿ, ಕೈ ಮುಗಿದು ನಾಲ್ಕು ಬೀಜ ಬೇಡಿದರಾಯಿತು.

ಸೆಪ್ಟೆಂಬರ್ 21, ಭಾನುವಾರ

ಹೇಗೆ ಬರೆಯಲಿ.

ಆರೂಕಾಲಿಗೆ ಬಂದವಳು ಯಮನವ್ವ.

ಮೊದಲು ಗುರುತೇ ಸಿಗಲಿಲ್ಲ. ತಲೆ ತುಂಬ ಸೆರಗು. ಕಲ್ಲು ತೊಳೆದು ಅರಿಸಿನ ಹಚ್ಚಿದಳು. ಆಗಷ್ಟೇ ಬಿರಿಯುತ್ತಿದ್ದ ಹೂವನ್ನು ಮುಟ್ಟಲಿಲ್ಲ. ಕಾಯಿ ಮಾತ್ರ ಒಂದೊಂದೇ ಚಿವುಟಿ ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನು ಎದ್ದು ನಿಂತೆ. ಬೆಚ್ಚಲಿಲ್ಲ ಅವಳು.

‘ಅಕ್ಕಾರ, ನೀವ್ಯಾಕ ಬಂದ್ರಿ ಇಲ್ಲಿ?’

‘ಈ ಬಳ್ಳಿ ನೋಡಕ್ಕೆ. ಇದು ನೀವು ಹಾಕಿದ್ದಾ?’

‘ಹೂಂ. ನಮ್ಮ ಕಡೆ ಕೂಸಿನ ಬಳ್ಳಿ ಅಂತೀವ್ರಿ. ಸಣ್ಣ ಕೂಸು ಹೋದ್ರ ಸುಡೂದಿಲ್ಲ, ಮಣ್ಣಾಗ ಇಡ್ತೀವಿ. ಮ್ಯಾಲ ಎರಡು ಬೀಜ. ಕೂಸಿಗಿ ಹಿಡಕೊಳ್ಳಾಕ ಏನರ ಬೇಕಲ್ಲ.’

ಬಾಣೇರದ್ದು ಮೂರನೆಯ ಮಗುವಂತೆ. ಹೆಣ್ಣು. ಹನ್ನೊಂದು ದಿನ ಇತ್ತು. ಇಪ್ಪತ್ತು ವರ್ಷದಲ್ಲಿ ದುಡಿದ ಕಡೆಯೆಲ್ಲ ಒಂದೊಂದು ಇಟ್ಟಿದ್ದಾಳೆ. ಐದು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮೊದಲು ಹುಟ್ಟಿದ ದುರ್ಗಾ ಒಬ್ಬಳೇ.

‘ಕಾಯಿ ಯಾಕೆ ಕೀಳ್ತೀರ?’

‘ಬಿಡಬಾರದ್ರಿ. ಬೀಜ ಉದುರಿ ಎಲ್ಲೆಲ್ಲೋ ಹುಟ್ಟಿದ್ರ? ಕೂಸಿಲ್ಲದ ಜಾಗದಾಗ ಇದು ಹುಟ್ಟಬಾರದು. ಹುಟ್ಟಿದ್ರ ನನಗೊಂದು ಕೂಸು ಬೇಕು ಅಂತ ಕೇಳ್ತದ.’

ಮರಳಿನ ಲಾರಿ! ನನ್ನ ಬುದ್ಧಿಗಿಷ್ಟು...

‘ನಡೀರಿ, ಹೊತ್ತಾತು. ಇನ್ನ ವಾಘೋಲಿಗಿ ಹೋಗಬೇಕು,’ ಅಂದಳು.

ಆಗ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ. ಜೊತೆಗೆ ಬಸ್ಸು ಹತ್ತಿದೆ. ಒಂದೂವರೆ ಗಂಟೆ ಪಕ್ಕದಲ್ಲಿ ಕೂತಿದ್ದೆ. ಅವಳು ಡಬ್ಬಿಯಿಂದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಕೊಟ್ಟಳು. ತಿಂದೆ ಕೂಡ.

ವಾಘೋಲಿಯಲ್ಲಿ ನಾನು ತೋಡಿದ ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕೈಯಿಟ್ಟು ಅಂಚು ಸವರಿದಳು.

‘ನಾಯಿ ಕೆದರಿದ್ದಲ್ಲ. ಸಲಿಕಿ ಗುರ್ತ ಅದ.’

‘ನಾನೇ ಅಗೆದೆ ಯಮನವ್ವ. ನಂಗೆ ಗೊತ್ತಿರಲಿಲ್ಲ. ಬೇರು ಬೇಕಿತ್ತು... ಕಾಲೇಜಿಗೆ.’

ಬಯ್ಯಲಿಲ್ಲ. ಒಂದು ಹೊಡೆದಿದ್ದರೂ ಎಷ್ಟೋ ವಾಸಿಯಿತ್ತು.

‘ಒಳಗೇನಿತ್ರಿ?’

‘ಮೂರು ಕರಿಮಣಿ. ಕೆಂಪು ದಾರ. ಒಂದು ಬಿಳೀ ಚೂರು.’

‘ಎಲ್ಲಿಟ್ಟೀರಿ?’

‘ಕಾಗದದ ಪಾಕೀಟಲ್ಲಿ. ಬೀರುವಲ್ಲಿದೆ.’

‘ಹುಷಾರ ಅದಾನಲ್ಲರಿ?’

ಆಮೇಲೆ ನಾನು ಅತ್ತೆ. ಅವಳು ಅಳಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ವಸಂತಿ ಮೇಡಂಗೆ ಎಲ್ಲ ಹೇಳಿದೆ. ಶೀಟಿಗೆ ನಂಬರ್ ಬಿದ್ದಾಗಿದೆ, ನಂಬರ್ ಬಿದ್ದದ್ದು ಕಪಾಟಿನಿಂದ ಹೊರಗೆ ಹೋಗುವ ಹಾಗಿಲ್ಲ. ಅದೇ ನಿಯಮ, ಅವರೇ ನನಗೆ ಕಲಿಸಿದ್ದು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

‘ನಾನು ಚಹಾಕ್ಕೆ ಹೋಗ್ತೀನಿ. ಕೀಲಿ ಮೇಜಿನ ಮೇಲಿದೆ. ಬೇರೂ ತಗೊಂಡು ಹೋಗು,’ ಅಂದರು. ಬಾಗಿಲು ದಾಟಿದ ಮೇಲೆ, ‘ಆ ಚೂರು ಚಿಪ್ಪಲ್ಲ ಅಂತ ನಾನಾದರೂ ನೋಡಬೇಕಿತ್ತು,’ ಅಂದರು. ಅವರು ನಲವತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ.

ಅಕ್ಟೋಬರ್ 5, ಭಾನುವಾರ

ಯಮನವ್ವನಿಗೆ ರಜೆ ಸಿಕ್ಕಿದ್ದು ಇವತ್ತೇ. ವಾಘೋಲಿಗೆ ಹೋಗಿ ಎಲ್ಲವನ್ನೂ ತಿರುಗಿ ಇಟ್ಟೆವು. ಮಣ್ಣು ಮುಚ್ಚಿ ಎರಡು ಬೀಜ ಹಾಕಿದಳು. ಹಾಕುವ ಮುಂಚೆ, ‘ನೋಡತೀರೇನು?’ ಎಂದು ಒಂದನ್ನು ನನ್ನ ಅಂಗೈಗೆ ಇಟ್ಟಳು. ಲೆನ್ಸ್ ಹಿಡಿದೆ. ಅಂಚಿನುದ್ದಕ್ಕೂ ರೇಷ್ಮೆಯಂಥ ಕೂದಲು. ಪುಸ್ತಕದಲ್ಲಿರುವ ಯಾವುದಕ್ಕೂ ಕೂಡುವುದಿಲ್ಲ. ಹೊಸ ಜಾತಿಯೇ. ಎರಡು ತಿಂಗಳು ಇದಕ್ಕಾಗಿ ಅಲೆದೆ. ಸುಮ್ಮನೆ ಹಿಂದಕ್ಕೆ ಕೊಟ್ಟೆ.

ಬರುವಾಗ ಬಸ್‌ಸ್ಟಾಪಿನಲ್ಲಿ ಮೊಬೈಲಿನ ಮ್ಯಾಪ್ ತೋರಿಸಿದೆ. ಅವಳು ಓದಿಲ್ಲ. ಆದರೆ ಕಾತ್ರಜ ಇದು, ಹಿಂಜವಡಿ ಇದು ಅಂದದ್ದೇ ತಡ, ಪ್ರತಿ ಚುಕ್ಕೆಯ ಮೇಲೂ ಬೆರಳಿಟ್ಟಳು. ‘ಇದು ಬಾಲಪ್ಪ. ಇದು ನೀಲವ್ವ. ಇದಕ್ಕ ಹೆಸರಿಡೂತನಕ ಇರಲಿಲ್ಲ...’ ಐದು ಆಯಿತು. ಬೆರಳು ಮೇಲಕ್ಕೆ ಸರಿಯಿತು.

‘ಇದ್ಯಾವುದರಿ?’

ದೇಹೂ ರೋಡ್. ಕಾಲೇಜಿನ ಪ್ರಣವ ಮೊನ್ನೆ ಕಳಿಸಿದ ಫೋಟೋ. ಅಭ್ಯಾಸಬಲದಿಂದ ಚುಕ್ಕೆ ಹಾಕಿಬಿಟ್ಟಿದ್ದೆ. ಅದೂ ಅವಳದೇ ಅಂದುಕೊಂಡಿದ್ದೆ, ಐದರ ಮೇಲೆ ಇದು ಆರನೆಯದು ಎಂದು ಲೆಕ್ಕ ಕೂಡ ಮಾಡಿರಲಿಲ್ಲ.

‘ನಾ ಅಲ್ಲಿ ಎಂದೂ ದುಡದಿಲ್ಲ,’ ಅಂದಳು. ‘ಆರನೇದು ನನಗಿಲ್ಲ.’

ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

‘ಬೀಜ ಬೇರೆ ಯಾರ ಹತ್ರ ಇದೆ?’

‘ಇಡೀ ಪುಣಾದಾಗ ಯಾರ ಕಡೀನೂ ಇಲ್ಲ. ದುರ್ಗಿ ಹೋಗೂಮುಂದ ನನ್ನ ಹಸರು ಸೀರಿ ಉಟ್ಕೊಂಡು ಹೋದ್ಲು. ಸೆರಗಿನಾಗ ಬೀಜದ ಗಂಟಿತ್ತು. ಬಿಚ್ಚಿರಲಿಲ್ಲ ನಾನು.’

ಅಕ್ಟೋಬರ್ 6, ಸೋಮವಾರ

ಕೆಲಸ ಬಿಟ್ಟು ಇಬ್ಬರೂ ಲೋಕಲ್ ಹಿಡಿದು ದೇಹೂ ರೋಡಿಗೆ ಹೋದೆವು. ಅರ್ಧಕ್ಕೆ ನಿಂತ ಬಿಲ್ಡಿಂಗು. ಸುತ್ತ ಎತ್ತರದ ಗೋಡೆ, ಇರುವುದೊಂದೇ ಗೇಟು. ವಾಚ್‌ಮನ್ ಹೊಳಬಸಪ್ಪ, ಬಾಗಲಕೋಟೆಯ ಕಡೆಯ ಮುದುಕ.

‘ಹ್ವಾದ ದೀಪಾವಳಿಯಿಂದ ಕೆಲಸ ಬಂದ್ ಐತ್ರಿ, ಕೋರ್ಟಿನಾಗ ಐತಿ. ಒಳಗ ನರಪಿಳ್ಳಿ ಇಲ್ಲ. ಆ ಹುಡುಗ ಫೋಟೋ ತೆಗಿಲಿಕ್ಕೆ ಬಂದಿದ್ದ, ಅಷ್ಟ.’

ಹಿಂಗೋಡೆಗೆ ಬಳ್ಳಿ. ಕಲ್ಲು. ಅರಿಸಿನ ಮಾಸಿದೆ, ಆದರೆ ಇದೆ. ಎರಡು ವಾರದ್ದು. ಅಂದರೆ ಮಹಾಲಯದ್ದು. ತೊಟ್ಟುಗಳೆಲ್ಲ ಚಿವುಟಿದ ಹಾಗೆ ತುಂಡು, ಒಂದು ಕಾಯಿ ಉಳಿದಿಲ್ಲ.

ಯಮನವ್ವ ಕಲ್ಲು ಮುಟ್ಟಲಿಲ್ಲ. ದೂರವೇ ನಿಂತಿದ್ದಳು.

‘ಅಕ್ಕಾರ, ನೀವು ಓದಿದವರು. ಇದು ಎಷ್ಟ ದಿನದ್ದು ಹೇಳ್ರಿ.’

ಅಗೆಯಲಿಲ್ಲ. ಬ್ರಷ್‌ನಿಂದ ಬುಡದ ಮಣ್ಣು ಸರಿಸಿ ನೋಡಿದೆ. ಈ ವರ್ಷದ ಬಳ್ಳಿ, ಅದರ ಕೆಳಗೆ ಬೇಸಿಗೆಯಲ್ಲಿ ಒಣಗಿದ ಒಂದು ಹಳೆಯ ಮೋಟು. ಒಂದೇ. ಹೋದ ವರ್ಷದ ಮಳೆಗಾಲ ಮುಗಿಯುವುದರೊಳಗೆ ಹುಟ್ಟಿದ್ದು. ಇಷ್ಟು ಖಚಿತವಾಗಿ ಗೊತ್ತಾಗದೆ ಇದ್ದಿದ್ದರೆ ಚೆನ್ನಿತ್ತು ಅನಿಸಿತು.

‘ಹೋದ ಸಲದ ಮಳೆಗಾಲದ್ದು,’ ಅಂದೆ.

ಬೆರಳು ಮಡಚಿ ಎಣಿಸಿದಳು. ಆಷಾಢ, ಶ್ರಾವಣ, ಭಾದ್ರಪದ... ಅಲ್ಲಿಗೇ ನಿಲ್ಲಿಸಿದಳು.

‘ಆರು ತಿಂಗಳಾಗ, ಹೊಟ್ಟ್ಯಾಗ ಇದ್ದಾಗನ ಹೋಗೇದ. ದಿನಾ ಅದು ಅಂಬಗಾಲ ಹಚ್ಚೇದ ಅನ್ಕೊಂಡ ಮಲಗತಿದ್ದೆ.’

ಆಮೇಲೆ ಗಟ್ಟಿಯಾಗಿ, ಬಯ್ಯುವ ದನಿಯಲ್ಲಿ ಕೂಗಿದಳು. ‘ದುರ್ಗೀ! ಹಡದವ್ವ ಸತ್ತಿದ್ದಳೇನ ನಿನಗ? ಒಬ್ಬಾಕೀನೇ ಮಣ್ಣ ಮಾಡಿದಿ?’ ಖಾಲಿ ಬಿಲ್ಡಿಂಗಿನಲ್ಲಿ ಅದು ಮಹಡಿ ಮಹಡಿ ತಿರುಗಿ ಬಂತು. ಪಾರಿವಾಳ ಎದ್ದವು.

ಮಹಾಲಯದ ದಿನ ಯಾರು ಬಂದಿದ್ದರು ಎಂದು ಹೊಳಬಸಪ್ಪನನ್ನು ಕೇಳಿದೆ. ಗೇಟಿನಲ್ಲೇ ಮಲಗುತ್ತಾನಂತೆ. ಯಾರೂ ಬಂದಿಲ್ಲ, ದೇವರಾಣೆ ಅಂದ.

ಅಕ್ಟೋಬರ್ 14, ಮಂಗಳವಾರ

ಒಂದು ವಾರ ದೇಹೂ ರೋಡಿನ ಲೇಬರ್ ಶೆಡ್ಡುಗಳನ್ನೆಲ್ಲ ಸುತ್ತಿದ್ದೇವೆ, ಅವಳು ಒಂದು ದಿನ, ನಾನು ಒಂದು ದಿನ. ಹಸಿರು ಸೀರೆಯ ಹುಡುಗಿಯನ್ನು ನೋಡಿದವರಿಲ್ಲ. ಆ ಸೆಂಟ್ರಿಂಗಿನವನು ಹೋದ ಚಳಿಗಾಲದಲ್ಲೇ ಒಬ್ಬನೇ ಊರಿಗೆ ಹೋದನಂತೆ.

ಒಬ್ಬನೇ.

ಯಮನವ್ವನಿಗೆ ಆ ಮಾತು ಹೇಳಿದೆ. ಇನ್ನು ಯಾವುದನ್ನೂ ಮುಚ್ಚಿಡುವುದಿಲ್ಲ ಅವಳಿಂದ. ‘ಅಂದ್ರ ಕಾಯಿ ಕೀಳಾಕಿ ಯಾರು?’ ಅಂದಳು. ಬದುಕಿದ್ದರೆ ಫೋನು ಯಾಕೆ ಮಾಡುವುದಿಲ್ಲ? ಗೇಟು ದಾಟದೆ ಒಳಗೆ ಹೇಗೆ ಹೋಗುತ್ತಾಳೆ? ಮಧ್ಯಾಹ್ನವೆಲ್ಲ ಮೇಜಿನ ಮುಂದೆ ಕೂತು ಇದನ್ನೇ ಯೋಚಿಸಿದೆ.

ಸಂಜೆ ಹಣಮಂತ್ರಾಯ ಬಾಗಿಲಿಗೆ ಬಂದ. ಮೊದಲ ಸಲ. ಒಳಗೆ ಬರಲಿಲ್ಲ. ಸಿಮೆಂಟಿನ ಕೈ ಮುಂದೆ ಕಟ್ಟಿಕೊಂಡು ನಿಂತ.

‘ನಾ ಅಂದ ಮಾತಿಗಿ ಆಕಿ ಬರವಲ್ಲಳ್ರಿ. ಸಿಕ್ಕರ ಹೇಳ್ರಿ, ಅಪ್ಪ ತಪ್ಪಾತು ಅಂದಾನ ಅಂತ.’

ಅಕ್ಟೋಬರ್ 20, ಸೋಮವಾರ

ನಾಳೆ ಅಮಾವಾಸ್ಯೆ. ಊರೆಲ್ಲ ಪಟಾಕಿ, ಆಕಾಶಬುಟ್ಟಿ. ವಸಂತಿ ಮೇಡಂ ಚಕ್ಕುಲಿ ಕೊಟ್ಟು ಕಳಿಸಿದರು. ಹೊಸ ಜಾತಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುರಪುರದ ಹಳೇ ಶೀಟಿನಲ್ಲಿ ಹೆಸರಿನ ಜಾಗ ಖಾಲಿಯೇ ಇರಲಿ.

ಯಮನವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡಿದ್ದಾಳೆ. ಯಾರಿಗೆ ಅಂತ ನಾನು ಕೇಳಲಿಲ್ಲ.

ಅಕ್ಟೋಬರ್ 21, ಮಂಗಳವಾರ, ಬೆಳಗ್ಗೆ 6.05

ದೇಹೂ ರೋಡ್. ಗೇಟಿನ ಪಕ್ಕದ ಇಟ್ಟಿಗೆ ರಾಶಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಯಮನವ್ವ ಒಳಗೆ, ಬಳ್ಳಿಯ ಹತ್ತಿರ. ನನ್ನನ್ನು ಬರಬೇಡಿ ಅಂದಳು. ‘ಪ್ಯಾಂಟಿನ ಮಂದಿ ಕಂಡ್ರ ಓಡಿ ಹೋಗ್ತಾಳ.’

ಹೊಳಬಸಪ್ಪ ಎಚ್ಚರವಾಗಿದ್ದಾನೆ, ಬೀಡಿ ಹಚ್ಚಿದ್ದಾನೆ. ಗೇಟಿಗೆ ಬೀಗ. ಐದು ಗಂಟೆಯಿಂದ ಇಬ್ಬರೂ ಇಲ್ಲೇ ಇದ್ದೇವೆ. ಯಾರೂ ಬಂದಿಲ್ಲ.

6.20

ಬೆಳಕು ಬಂತು. ಇಲ್ಲಿಂದ ಗೋಡೆಯ ತುದಿ ಮಾತ್ರ ಕಾಣುತ್ತದೆ. ಒಂದು ಹೂ ಬಿರಿದಿದೆ. ಯಾರೂ ಇಲ್ಲ. ಬರದಿದ್ದರೆ ಅವಳನ್ನು ಮನೆಗೆ ಹೇಗೆ ಕರೆದುಕೊಂಡು ಹೋಗಲಿ? ಬಂದರೂ... ದೇವರೇ, ಹೇಗಾದರೂ ಇರಲಿ, ಬರಲಿ.

6.35

ಒಳಗೆ ಯಮನವ್ವ ಮಾತಾಡುತ್ತಿದ್ದಾಳೆ. ಮೆಲ್ಲಗೆ, ದಿನಾ ಮಾತಾಡುವ ಹಾಗೆ. ಹೊಳಬಸಪ್ಪ ಬೀಡಿ ಕೆಳಗೆ ಹಾಕಿದ.

‘ಉಂಡೀಯೇನ?’ ಅಂದಳು. ಉತ್ತರ ಕೇಳಿಸಲಿಲ್ಲ.

ಡಬ್ಬಿ ಬಿಚ್ಚಿದ ಸದ್ದು. ಮತ್ತೆ, ‘ಉಂಡೀಯೇನ ನನ್ನವ್ವ?’

ಬಳ್ಳಿ ಅಲುಗಿತು. ಗಾಳಿ ಇಲ್ಲ. ಹೊಳಬಸಪ್ಪ ನನ್ನ ಕೈ ಹಿಡಿದುಕೊಂಡಿದ್ದಾನೆ, ಅಕ್ಷರ ಸೊಟ್ಟಗಾಗುತ್ತಿದೆ.

ಮೂರನೇ ಸಲ ಕೇಳಿದಳು.

‘ಇಲ್ಲವ್ವ’ ಅಂತ ಒಂದು ಹುಡುಗಿಯ ದನಿ